ವಾಗ್ಲೆಯ ಸಂಬಳ, ವಿರಾನಿಗಳ ಬಂಗಲೆ

1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಶುರುವಾಯಿತು. ಮೆಕ್ಸಿಕೋದ ಮಾದರಿಯಲ್ಲಿ, ಕುಟುಂಬ ಯೋಜನೆಯ ಸಂದೇಶಕ್ಕೆಂದು ಮಾಡಿಸಿದ ಧಾರಾವಾಹಿ ಅದು. ಮನೋಹರ ಶ್ಯಾಮ ಜೋಶಿ ಎಂಥ ಮನೆ ಕಟ್ಟಿಕೊಟ್ಟರೆಂದರೆ, ಜನ ಸಂದೇಶ ಮರೆತು ಬಡಕಿ, ಲಲ್ಲೂರನ್ನೇ ನೆನಪಿಟ್ಟುಕೊಂಡರು.

1988ರಲ್ಲಿ ‘ವಾಗ್ಲೆ ಕಿ ದುನಿಯಾ’ ಬಂತು. ಪಾತ್ರ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರದು, ನಿರ್ದೇಶನ ಕುಂದನ್ ಶಾ ಅವರದು. ವಾಗ್ಲೆ ಮುಂಬಯಿಯ ಒಬ್ಬ ಗುಮಾಸ್ತ, ನಮ್ಮ ಹಾಗೆಯೇ! ಅವನ ಮನೆಯಲ್ಲಿ ಪ್ರತಿ ರೂಪಾಯಿಗೂ ಲೆಕ್ಕವಿತ್ತು.

2000ದ ಜುಲೈಯಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಕ್ಯೂಂಕಿ ಸಾಸ್ ಭಿ ಕಭಿ ಬಹು ಥಿ’ ಆರಂಭವಾಯಿತು. ಶ್ರೀಮಂತ ವ್ಯಾಪಾರಿ ಮನೆತನ, ದೊಡ್ಡ ಬಂಗಲೆ, ಮಲಗುವಾಗಲೂ ರೇಷ್ಮೆ ಸೀರೆ... ಹಣವಿದೆ, ಆದರೆ ಅದನ್ನು ದುಡಿಯುವ ಕಷ್ಟ ಕಾಣುವುದಿಲ್ಲ. ಬರೀ ಜಾಹೀರಾತನ್ನು ದೂರಿ ಫಲವಿಲ್ಲ. ‘ಹಮ್ ಲೋಗ್’ಗೂ ಮ್ಯಾಗಿ ನೂಡಲ್ಸ್‌ನ ಪ್ರಾಯೋಜಕತ್ವವಿತ್ತು. ಅದು 150 ಚಿಲ್ಲರೆ ಕಂತಿಗೆ ಮುಗಿಯಿತು. ಇದು 2008ರ ಹೊತ್ತಿಗೆ 1,800 ದಾಟಿತು. ದಿನವೂ ಕಂತು ಒದಗಿಸಬೇಕಾದರೆ ಕಥೆ ಒಂದೇ ಸೆಟ್ಟಿನೊಳಗೆ ಸುತ್ತಲೇಬೇಕು. ಬೀದಿ, ಆಫೀಸು, ಲೋಕಲ್ ರೈಲು ಹೊರಗುಳಿದವು.

ಆ ದಶಕದ ಮಧ್ಯಮವರ್ಗ ಹೇಗೆ ಬದುಕಿತೆಂದು ನಾಳೆ ಮೊಮ್ಮಕ್ಕಳು ಈ ಧಾರಾವಾಹಿ ನೋಡಿ ತಿಳಿಯಹೊರಟರೆ, ನಮ್ಮ ಬಾಡಿಗೆ, ಸಾಲದ ಕಂತು, ತಿಂಗಳ ಕೊನೆಯ ಪರದಾಟ ಯಾವುದೂ ಸಿಗದು. ಅದನ್ನು ನಾವೇ ಹೇಳಬೇಕು, ಅಲ್ಲವೇ?