ಉಳಿದದ್ದು, ಮಿಕ್ಕಿದ್ದು, ಬಾಕಿ

ಡೆಸ್ಕಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಏಜೆನ್ಸಿಯಿಂದ ಬಂದ ನಿಧನವಾರ್ತೆಯನ್ನು ಕನ್ನಡಕ್ಕೆ ಇಳಿಸಿದ್ದ. ಎಂಬತ್ತು ದಾಟಿದ ಹಿರಿಯರು, ಮನೆಯಲ್ಲೇ, ನಿದ್ದೆಯಲ್ಲೇ ತೀರಿಕೊಂಡಿದ್ದರು. ಸುದ್ದಿಯ ಕೊನೆಯ ಸಾಲು: ‘ಪತ್ನಿ ಹಾಗೂ ಇಬ್ಬರು ಪುತ್ರರು ಬದುಕುಳಿದಿದ್ದಾರೆ.’ ರಾತ್ರಿ ಹನ್ನೊಂದೂವರೆಗೆ ಪುಟ ನೋಡುತ್ತಿದ್ದ ನನ್ನ ಕಣ್ಣ ಮುಂದೆ ಒಂದು ಬಸ್ಸು ಕಮರಿಗೆ ಉರುಳಿತು. ಸಾಲನ್ನು ಹೊಡೆದು ಹಾಕಿ ನಮ್ಮ ಮಾಮೂಲಿ ವಾಕ್ಯ ಕೂರಿಸಿದೆ: ‘ಅವರು ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’

ಹುಡುಗ ಮೊಂಡ. ‘ಹೋದವರು ಹೋದರು ಅಂತಾಯ್ತು. ಇರೋರು ಏನು ಮಾಡಿದರು ಅಂತ ಹೇಳಲೇ ಇಲ್ಲವಲ್ಲ ಸಾರ್’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ನಿಧನವಾರ್ತೆಯಲ್ಲಿ ಕ್ರಿಯಾಪದ ಹೋದವರದ್ದು. ಉಳಿದವರು ದ್ವಿತೀಯಾ ವಿಭಕ್ತಿ ಹಚ್ಚಿಕೊಂಡು ಸಾಲಾಗಿ ನಿಂತಿರುತ್ತಾರೆ, ಅಷ್ಟೆ.

ಅವತ್ತಿನಿಂದ ಈ ‘ಉಳಿ’ ನನ್ನ ಬೆನ್ನು ಬಿಟ್ಟಿಲ್ಲ. ‘ಅವನು ಉಳಿದ’ ಎಂದರೆ ಹೋಗಲಿಲ್ಲ, ಇಲ್ಲವೇ ಸಾಯಲಿಲ್ಲ. ‘ಅವನನ್ನುಳಿದು ಎಲ್ಲರೂ ಬಂದರು’ ಎಂದರೆ ಅವನನ್ನು ಬಿಟ್ಟು. ಹಳಗನ್ನಡದಲ್ಲಿ ಈ ಧಾತುವಿಗೆ ಬಿಡು, ತೊರೆ ಎಂಬ ಅರ್ಥವೂ ಇತ್ತು. ಅದು ‘ಇದನ್ನುಳಿದು’ ಎಂಬ ಒಂದು ಮೂಲೆ ಹಿಡಿದು ಇವತ್ತಿಗೂ ಕೂತಿದೆ. ತೊರೆದು ಹೋದವನಿಗೂ ಅಲ್ಲೇ ಇದ್ದವನಿಗೂ ಒಂದೇ ಕ್ರಿಯೆ! ಆಗ ಅದನ್ನು ‘ಉೞಿ’ ಎಂದು ಬರೆಯುತ್ತಿದ್ದರು. ತಮಿಳರೂ ಮಲಯಾಳಿಗಳೂ ಜೋಪಾನ ಮಾಡಿಕೊಂಡ ಆ ೞಕಾರ ನಮ್ಮ ನಾಲಿಗೆಯಿಂದ ಜಾರಿಹೋಯಿತು. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಯಾವ್ಯಾವ ಪದಕ್ಕೆ ಈ ಅಕ್ಷರ ಎಂದು ಪಟ್ಟಿ ಮಾಡಿಡಬೇಕಾಗಿ ಬಂದಿತ್ತು. ಉಳಿಯುವುದು ಎಂಬ ಪದಕ್ಕೇ ತನ್ನ ಅಕ್ಷರ ಉಳಿಸಿಕೊಳ್ಳಲು ಆಗಲಿಲ್ಲ ನೋಡಿ. ಈಗ ಬರವಣಿಗೆಯಲ್ಲಿ ಇದೂ ಬಡಗಿಯ ಉಳಿಯೂ ಒಂದೇ.

ಸರ್ಕಾರಿ ಕಡತಕ್ಕೂ ಇದರ ಎರಡು ಮುಖ ಹೊಕ್ಕಿವೆ. ಬ್ರಾಹ್ಮಣರನ್ನುಳಿದು, ನೌಕರಿಯಲ್ಲಿ ಸಾಕಷ್ಟು ಪಾಲು ಸಿಗದ ಸಮುದಾಯಗಳಿಗೆ ಏನು ಮಾಡಬೇಕೆಂದು ತಿಳಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದೇವರಾಜ ಅರಸರ ಕಾಲದ ಹಾವನೂರು ಆಯೋಗ ತನ್ನ ವರದಿ ಕೊಟ್ಟದ್ದು 1975ರಲ್ಲಿ. ಕನ್ನಡದಲ್ಲಿ ಗಟ್ಟಿಯಾಗಿ ನಿಂತ ಹೆಸರು ‘ಹಿಂದುಳಿದ ವರ್ಗ’. ಆದರೆ ಈ ಉಳಿಯುವಿಕೆ ಅಕರ್ಮಕ. ಜಾತ್ರೆಗೆ ಹೊರಟ ಗುಂಪಿನಲ್ಲಿ ಚಪ್ಪಲಿ ಕಿತ್ತುಹೋಗಿ ತಾವಾಗಿಯೇ ಹಿಂದೆ ಬಿದ್ದರು ಎಂಬಂತೆ ಕೇಳಿಸುತ್ತದೆ. ಹಿಂದಕ್ಕೆ ತಳ್ಳಿದ ಕೈ ಪದದೊಳಗೆ ಕಾಣುವುದಿಲ್ಲ. ಸಭೆಗಳಲ್ಲಿ ಭಾಷಣಕಾರರು ‘ಹಿಂದುಳಿದವರಲ್ಲ, ಹಿಂದುಳಿಸಲ್ಪಟ್ಟವರು’ ಎಂದು ತಿದ್ದುವುದುಂಟು. ‘ಅಲ್ಪಟ್ಟ’ ಕಂಡರೆ ಕೆಂಪು ಪೆನ್ನು ಎತ್ತುವವನು ನಾನು. ಇಲ್ಲಿ ಮಾತ್ರ ಎತ್ತುವುದಿಲ್ಲ.

ನವೆಂಬರ್ ಬಂದರೆ ಆಟೋಗಳ ಬೆನ್ನಿನ ಮೇಲೆ ‘ಕನ್ನಡ ಉಳಿಸಿ’. ಊಟಕ್ಕೆ ಕೂತ ಮಗುವಿಗೆ ‘ಅನ್ನ ಉಳಿಸಬೇಡ’. ಒಮ್ಮೊಮ್ಮೆ ನಾವು ಕನ್ನಡವನ್ನು ಉಳಿಸುತ್ತಿರುವುದು ಈ ಎರಡನೆಯ ಅರ್ಥದಲ್ಲೇ ಏನೋ ಎನಿಸುತ್ತದೆ, ತಟ್ಟೆಯ ಅಂಚಿಗೆ ಸರಿಸಿ.

ಅಡುಗೆಮನೆಯಲ್ಲಿ ಅಮ್ಮ ‘ಸಾರು ಉಳಿದಿದೆ’ ಎಂದರೆ ಅದು ದೂರು: ಯಾರೋ ಸರಿಯಾಗಿ ಉಣ್ಣಲಿಲ್ಲ. ‘ಸಾರು ಮಿಕ್ಕಿದೆ’ ಎಂದರೆ ಎಲ್ಲರದ್ದೂ ಆಯಿತು, ಹೊತ್ತಲ್ಲದ ಹೊತ್ತಿಗೆ ಇನ್ನೊಬ್ಬರು ಬಂದರೂ ಭಯವಿಲ್ಲ. ಬೇರೆ ಮನೆಗಳಲ್ಲಿ ಹೇಗೋ, ನಮ್ಮಲ್ಲಿ ಹೀಗೆ. ಮಿಗು ಎಂಬ ಪದದ ಸಂಸಾರವೇ ಅಂಥದ್ದು. ಮಿಗಿಲು ಅದರದ್ದೇ ಕುಡಿ. ‘ನೂರಕ್ಕೂ ಮಿಕ್ಕಿ ಜನ’ ಎನ್ನುವಾಗ ಎದೆ ಉಬ್ಬಿಸಿಕೊಂಡು ಬರುವುದೂ ಅದೇ. ಬೆಳಗಾದರೆ ಆ ಮಿಕ್ಕಿದ ಅನ್ನ ತಂಗಳು. ರಾತ್ರಿ ತಂಗಿದ್ದಕ್ಕೆ ತಂಗಳು ಎಂದು ಬಹಳ ಕಾಲ ನಂಬಿದ್ದೆ. ಅಲ್ಲವಂತೆ, ತಣ್ಣನೆಯ ಕೂಳು ಸವೆದು ತಂಗಳಾಯಿತಂತೆ. ನನ್ನ ವ್ಯುತ್ಪತ್ತಿಯೇ ಚೆನ್ನಾಗಿತ್ತು.

ಮನುಷ್ಯ ಉಂಡು ಬಿಟ್ಟದ್ದು ಎಂಜಲು. ದೇವರಿಗೆ ಹೊದಿಸಿ ತೆಗೆದದ್ದು ಶೇಷವಸ್ತ್ರ, ಗಣ್ಯರ ಹೆಗಲಿಗೆ. ಭಾಗಾಕಾರದ ಕೆಳಗೆ ಬಿದ್ದಿರುವುದೂ ಶೇಷ, ಪ್ರಳಯದ ನೀರಿನ ಮೇಲೆ ವಿಷ್ಣುವಿಗೆ ಹಾಸಿಗೆಯಾದವನೂ ಶೇಷ. ಇದಕ್ಕೆ ಜೋಡಿ ಅರಬ್ಬಿಯಲ್ಲಿದೆ: ಅಲ್ಲಾಹನ 99 ಹೆಸರುಗಳಲ್ಲಿ ಅಲ್-ಬಾಕಿ ಒಂದು, ಎಲ್ಲ ಅಳಿದ ಮೇಲೂ ಇರುವವನು. ಅದೇ ಪದ ಫಾರಸಿ ದಫ್ತರಗಳ ಮೆಟ್ಟಿಲಿಳಿದು, ಕಂದಾಯದವರ ಬಾಯಿಗೆ ಬಿದ್ದು, ನಮ್ಮಜ್ಜನ ಕಿರಾಣಿ ಅಂಗಡಿಯ ಖಾತೆ ಪುಸ್ತಕದವರೆಗೂ ಬಂತು.

ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ರಟ್ಟು, ಪುಟಪುಟದ ನೆತ್ತಿಯಲ್ಲೂ ‘ಹಿಂದಿನ ಬಾಕಿ’. ಅಜ್ಜ ಹೋದ ಮೇಲೆ ಅಪ್ಪ ಅಂಗಡಿ ಮುಚ್ಚಿ ಅದನ್ನು ಅಟ್ಟಕ್ಕೆ ಹಾಕಿದರು. ವಸೂಲಿಗೆ ಅಲೆಯುವ ಜನ್ಮ ಅವರದ್ದಲ್ಲ. ತಿಥಿಯ ದಿನ ಊಟ ಮುಗಿಸಿದ ಮುದುಕನೊಬ್ಬ ಜಗಲಿಯ ಕಂಬ ಹಿಡಿದು ನಿಂತ. ಸೊಂಟದ ಚೀಲದಿಂದ ನಾಲ್ಕು ಮಡಿಕೆಯ ಇಪ್ಪತ್ತರ ನೋಟು ತೆಗೆದು, ‘18 ರೂಪಾಯಿ ಇತ್ತು, ಮುರ್ಕೊಳಿ’ ಎಂದ. ಅಪ್ಪ, ‘ಬೇಡ ಬಿಡಿ, ಅಂಗಡಿಯೇ ಇಲ್ಲ ಈಗ’ ಎಂದರು.

‘ಅಂಗ್ಡಿ ಇಲ್ದಿದ್ರೇನು, ಬಾಕಿ ಐತಲ್ಲ.’

ಪುಸ್ತಕ ಅಟ್ಟದಿಂದ ಇಳಿಯಿತು. ಧೂಳು ಕೊಡವಿ, ಪುಟ ಹುಡುಕಿದರೆ ಅಜ್ಜನ ಕೈಬರಹದಲ್ಲಿ ಹದಿನಾರೂವರೆ ಎಂದಿತ್ತು. ಅಪ್ಪ ನೋಟು ತೆಗೆದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದರು. ಆಮೇಲೆ ಅಂಗಿ ಜೇಬು, ದೇವರ ಗೂಡು, ಅಮ್ಮನ ಸಾಸಿವೆ ಡಬ್ಬಿ, ಎಲ್ಲ ಕಡೆ ಮೂರೂವರೆ ರೂಪಾಯಿ ಚಿಲ್ಲರೆಗೆ ತಡಕಾಡತೊಡಗಿದರು. ಮುದುಕ ಕಂಬ ಬಿಡದೆ ನಿಂತೇ ಇದ್ದ.