ಸಂಧಿವಾತ ಮತ್ತು ಅಸ್ಥಿರಂಧ್ರತೆ: ಚಿಕಿತ್ಸಾ ಸಂಶೋಧನೆಯ ಇತಿಹಾಸ

ಕೀಲುಗಳನ್ನು ಊದಿಸಿ ಕೊರೆಯುವ ವಾತರೋಗಗಳಿಗೂ, ಮೂಳೆಯನ್ನು ಸದ್ದಿಲ್ಲದೆ ಟೊಳ್ಳಾಗಿಸುವ ಅಸ್ಥಿರಂಧ್ರತೆ ಅಥವಾ ಆಸ್ಟಿಯೋಪೊರೋಸಿಸ್‌ಗೂ ಮದ್ದು ಹುಡುಕಿದವರ ದಾರಿ ಬಹುಕಾಲ ಬೇರೆಬೇರೆಯಾಗಿತ್ತು. ಇಪ್ಪತ್ತನೆಯ ಶತಮಾನದ ನಡುವೆ ಕಾರ್ಟಿಸೋನ್ ಬಂದು ಎರಡನ್ನೂ ಹೆಣೆಯಿತು. ಕೀಲುನೋವನ್ನು ದಿನಗಳಲ್ಲಿ ಇಳಿಸಿದ ಆ ಮದ್ದೇ ಮೂಳೆಯನ್ನು ತಿಂಗಳುಗಳಲ್ಲಿ ಸವೆಸಿತು. ಮದ್ದು ಫಲಿಸಿತೇ ಎಂಬುದನ್ನು ರೋಗಿಯ ಇಂದಿನ ನೆಮ್ಮದಿ ನೋಡಿ ಹೇಳಬೇಕೋ, ಎರಡು ಮೂರು ವರ್ಷಗಳ ನಂತರದ ಎಕ್ಸ್‌ರೇ ಮತ್ತು ಮೂಳೆಮುರಿತಗಳ ಲೆಕ್ಕ ನೋಡಿ ಹೇಳಬೇಕೋ? ಈ ಕ್ಷೇತ್ರದ ಚರಿತ್ರೆ ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ನಡೆದಿದೆ.

ಹಳೆಯ ವಿವರಣೆ, ಹಳೆಯ ಮದ್ದು

ಕೀಲು ಊತ, ಜ್ವರ, ಅರುಚಿ, ಮೈಭಾರ ಕೂಡಿದ ಕಾಯಿಲೆಯನ್ನು ಆಯುರ್ವೇದದ ಮಾಧವನಿದಾನವು ಆಮವಾತ ಎಂಬ ಹೆಸರಿನಲ್ಲಿ ಪ್ರತ್ಯೇಕ ಅಧ್ಯಾಯವಾಗಿ ವರ್ಣಿಸಿದೆ. ಯುರೋಪಿನಲ್ಲಿ 1800ರಲ್ಲಿ ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಯುವ ವೈದ್ಯ ಒಗ್ಯುಸ್ತಾಂ ಲಾಂದ್ರೆ-ಬೋವೆ ತನ್ನ ಪ್ರೌಢಪ್ರಬಂಧದಲ್ಲಿ ಒಂಬತ್ತು ಮಂದಿ ಹೆಂಗಸರ ಕೀಲುರೋಗವನ್ನು ಗೌಟ್‌ನಿಂದ ಬೇರ್ಪಡಿಸಿ ವಿವರಿಸಿದ. 1859ರಲ್ಲಿ ಲಂಡನ್ನಿನ ಆಲ್‌ಫ್ರೆಡ್ ಬೇರಿಂಗ್ ಗ್ಯಾರಡ್ ಅದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೆಸರಿಟ್ಟ; ಇಲ್ಲಿ ಸಂಧಿವಾತ ಎನ್ನುವುದು ಈ ರೋಗವನ್ನೇ.

ಆಗ ಕೈಯಲ್ಲಿದ್ದ ಮದ್ದು ವಿಲೋ ಮರದ ತೊಗಟೆಯಿಂದ ಬಂದದ್ದು. ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿ ಈ ತೊಗಟೆಯ ಪುಡಿಯನ್ನು ಸುಮಾರು 50 ಜನ ಜ್ವರಪೀಡಿತರಿಗೆ ಕೊಟ್ಟು, ಕಂಡದ್ದನ್ನು 1763ರಲ್ಲಿ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದರು. 1876ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ವೈದ್ಯ ಥಾಮಸ್ ಮ್ಯಾಕ್ಲಗನ್ ತೊಗಟೆಯ ಸಾರವಾದ ಸ್ಯಾಲಿಸಿನ್ನನ್ನು ರುಮ್ಯಾಟಿಕ್ ಜ್ವರದ ರೋಗಿಗಳಿಗೆ ಕೊಟ್ಟ ಫಲವನ್ನು ಪ್ರಕಟಿಸಿದರು. 1899ರಲ್ಲಿ ಆಸ್ಪಿರಿನ್ ಮಾರುಕಟ್ಟೆಗೆ ಬಂತು. ಇವೆಲ್ಲ ನೋವು ಇಳಿಸಿದವು. ಕೀಲಿನೊಳಗಿನ ಹಾನಿಯನ್ನು ತಡೆಯಲಿಲ್ಲ.

ಚಿನ್ನದ ಚಿಕಿತ್ಸೆ ತಪ್ಪು ತರ್ಕದಿಂದ ಹುಟ್ಟಿತು. ಚಿನ್ನದ ಲವಣಗಳು ಕ್ಷಯದ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತವೆಂದು ರಾಬರ್ಟ್ ಕಾಖ್ 1890ರಲ್ಲಿ ಹೇಳಿದ್ದರು. ಸಂಧಿವಾತವೂ ಕ್ಷಯದಂಥ ಸೋಂಕೇ ಇರಬೇಕೆಂದು ಭಾವಿಸಿದ ಫ್ರಾನ್ಸಿನ ಜಾಕ್ ಫೊರೆಸ್ತಿಯೇ 1929ರಿಂದ ಚಿನ್ನದ ಚುಚ್ಚುಮದ್ದು ಕೊಡತೊಡಗಿದರು. ಊಹೆ ಸುಳ್ಳಾದರೂ ಹಲವರಿಗೆ ಊತ ಇಳಿಯಿತು. ಚರ್ಮ ಮತ್ತು ಮೂತ್ರಪಿಂಡಗಳಿಗೆ ಅಪಾಯವೂ ಆಯಿತು. ಯಾರಿಗೆ ಯಾವ ಮದ್ದು ಎಂಬುದು ರೋಗಿಗಾಗಲಿ ಪರೀಕ್ಷಿಸುವ ವೈದ್ಯರಿಗಾಗಲಿ ತಿಳಿಯದಂತೆ ಬ್ರಿಟನ್ನಿನ ಎಂಪೈರ್ ರುಮ್ಯಾಟಿಸಂ ಕೌನ್ಸಿಲ್ ಹಲವು ಆಸ್ಪತ್ರೆಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 1960ರ ಹೊತ್ತಿಗೆ ಬಂದ ಮೇಲಷ್ಟೇ ಚಿನ್ನಕ್ಕೆ ಖಚಿತ ಆಧಾರ ಸಿಕ್ಕಿತು. ಮೂವತ್ತು ವರ್ಷ ಕೊಟ್ಟ ನಂತರ ಪರೀಕ್ಷೆ!

ಕಾರ್ಟಿಸೋನ್

ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿರುವ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಸೂಕ್ಷ್ಮ ಕಣ್ಣಿನ ವೈದ್ಯ. 1929ರಲ್ಲಿ ಅವರ ಸಂಧಿವಾತ ರೋಗಿಯೊಬ್ಬರಿಗೆ ಕಾಮಾಲೆ ಬಂತು, ಕೀಲುನೋವು ಮಾಯವಾಯಿತು. ಬಸುರಿಯರಲ್ಲೂ ಹೀಗೇ ಆಗುವುದನ್ನು ಅವರು ಕಂಡರು. ಮೈಯಲ್ಲೇ ಹುಟ್ಟುವ ಯಾವುದೋ ವಸ್ತು ಈ ರೋಗವನ್ನು ಅಡಗಿಸಬಲ್ಲದು ಎಂಬ ನಿಲುವಿಗೆ ಬಂದು, ಅದರ ಹುಡುಕಾಟದಲ್ಲಿ ಇಪ್ಪತ್ತು ವರ್ಷ ಕಳೆದರು. ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಲ್ ಅಡ್ರಿನಲ್ ಗ್ರಂಥಿಯಿಂದ ಹಲವು ಸಂಯುಕ್ತಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲಿ ಸಂಯುಕ್ತ ‘ಇ’ಯನ್ನು, ಅಂದರೆ ಮುಂದೆ ಕಾರ್ಟಿಸೋನ್ ಎನಿಸಿದ್ದನ್ನು, ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ಎತ್ತಿನ ಪಿತ್ತದಿಂದ ಸಿದ್ಧಪಡಿಸುವ ಬಗೆ ಕಂಡುಕೊಂಡರು.

1948ರ ಸೆಪ್ಟೆಂಬರ್ 21ರಂದು, ಹಾಸಿಗೆಯಿಂದ ಏಳಲೂ ಕಷ್ಟಪಡುತ್ತಿದ್ದ 29 ವರ್ಷದ ಮಹಿಳೆಗೆ ಅದರ ಮೊದಲ ಚುಚ್ಚುಮದ್ದು ಬಿತ್ತು. ದಿನಕ್ಕೆ 100 ಮಿಲಿಗ್ರಾಂ. ಕೆಲವೇ ದಿನಗಳಲ್ಲಿ ಆಕೆ ಸಲೀಸಾಗಿ ನಡೆದಾಡಿದರು. ವಾರದೊಳಗೆ ಪೇಟೆಗೆ ಹೋಗಿ ಬಂದರು. ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ತಾದಿಯಸ್ ರೈಕ್‌ಸ್ಟೈನ್‌ಗೆ 1950ರಲ್ಲೇ ನೊಬೆಲ್ ಬಂತು. ಮೊದಲ ಚುಚ್ಚುಮದ್ದಿಗೂ ಪ್ರಶಸ್ತಿಗೂ ನಡುವೆ ಬರೀ ಎರಡು ವರ್ಷ. ಮೇಯೊ ತಂಡದವರು ಇದನ್ನು ರೋಗ ವಾಸಿ ಮಾಡುವ ಮದ್ದೆಂದು ಎಂದೂ ಹೇಳಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಪತ್ರಿಕೆಗಳು ಪವಾಡವೆಂದವು, ಜನ ಮುಗಿಬಿದ್ದರು.

ಮುಂದೇನಾಗಬಹುದೆಂಬ ಸೂಚನೆ ಮೊದಲೇ ಇತ್ತು. ಬಾಸ್ಟನ್ನಿನಲ್ಲಿ ಶಸ್ತ್ರವೈದ್ಯರಾಗಿದ್ದ ಹಾರ್ವಿ ಕುಶಿಂಗ್ 1932ರಲ್ಲಿ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯುಳ್ಳ ರೋಗಿಗಳನ್ನು ವರ್ಣಿಸಿದ್ದರು: ದುಂಡಗಾದ ಮುಖ, ತೆಳುವಾದ ಚರ್ಮ, ಕುಸಿದು ಬಾಗಿದ ಬೆನ್ನೆಲುಬು. ಅವರ ಮೈಯಲ್ಲಿ ಕಾರ್ಟಿಸೋನ್ ಬಳಗದ ಅಡ್ರಿನಲ್ ಸ್ಟೆರಾಯ್ಡ್ ತಾನಾಗಿಯೇ ಅತಿಯಾಗಿತ್ತು. ಈಗ ಅದನ್ನೇ ವೈದ್ಯರು ಹೊರಗಿನಿಂದ ತುಂಬುತ್ತಿದ್ದರು. ಮೂಳೆ ಕಟ್ಟುವ ಕೋಶಗಳನ್ನು ಸ್ಟೆರಾಯ್ಡ್ ಕುಂದಿಸುತ್ತದೆ, ಮೂಳೆಯೊಳಗಿನ ಕೋಶಗಳ ಸಾವನ್ನು ಹೆಚ್ಚಿಸುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ.

ಈ ಸಂಭ್ರಮದ ನಡುವೆ ತಣ್ಣಗೆ ಅಳೆದು ನೋಡಿದ್ದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಮತ್ತು ನಫೀಲ್ಡ್ ಫೌಂಡೇಶನ್. ಹೊಸದಾಗಿ ಸಂಧಿವಾತ ಬಂದವರಲ್ಲಿ ಕೆಲವರಿಗೆ ಕಾರ್ಟಿಸೋನ್, ಉಳಿದವರಿಗೆ ಆಸ್ಪಿರಿನ್ ಕೊಟ್ಟು ಹೋಲಿಸಿದ ಅವರ ವರದಿ 1954ರಲ್ಲಿ ಹೊರಬಂತು. ವರ್ಷ ಕಳೆದ ಮೇಲೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಇದು ಸ್ಟೆರಾಯ್ಡ್ ಬಗೆಗಿನ ಕೊನೆಯ ಮಾತಾಗಲಿಲ್ಲ. ದಿನಕ್ಕೆ 7.5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಕೊಟ್ಟರೆ ಎರಡು ವರ್ಷಗಳಲ್ಲಿ ಕೀಲಿನ ಕೊರೆತ ಕಡಿಮೆಯಾಗುತ್ತದೆಂದು ಬ್ರಿಸ್ಟಲ್‌ನ ಜಾನ್ ಕರ್ವನ್ 1995ರಲ್ಲಿ ತೋರಿಸಿದರು. ನನ್ನ ದೃಷ್ಟಿಯಲ್ಲಿ 1954ರ ಆ ವರದಿಯ ಬೆಲೆ ಅದರ ಉತ್ತರಕ್ಕಿಂತ ಅದು ಕಲಿಸಿದ ಪದ್ಧತಿಯಲ್ಲಿದೆ: ನೊಬೆಲ್ ಪಡೆದ ಮದ್ದನ್ನೂ ಆಸ್ಪಿರಿನ್ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು.

ಮೂಳೆಯ ಕಡೆಯಿಂದ

ಆಸ್ಟಿಯೋಪೊರೋಸಿಸ್ ಎಂಬ ಹೆಸರು ಸ್ಟ್ರಾಸ್‌ಬರ್ಗ್‌ನ ರೋಗಶಾಸ್ತ್ರಜ್ಞ ಜಾನ್ ಲಾಬ್‌ಸ್ಟೈನ್‌ರಿಂದ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಂತು. ಮುಟ್ಟು ನಿಂತ ನಂತರ ಈಸ್ಟ್ರೋಜನ್ ಇಳಿಯುವುದಕ್ಕೂ ಬೆನ್ನೆಲುಬು ಕುಸಿಯುವುದಕ್ಕೂ ಇರುವ ನಂಟನ್ನು 1940ರ ಸುಮಾರಿಗೆ ಗುರುತಿಸಿದವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್. ಅಲ್ಲಿಂದ ಈಸ್ಟ್ರೋಜನ್ ದಶಕಗಟ್ಟಲೆ ರೂಢಿಯ ಮದ್ದಾಯಿತು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ 16,608 ಮಹಿಳೆಯರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೋಡಿಯನ್ನು ಪರೀಕ್ಷಿಸಿತು. 2002ರ ಫಲಿತಾಂಶದಲ್ಲಿ ಸೊಂಟದ ಮೂಳೆಮುರಿತ ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು; ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯು ಹೆಚ್ಚಿದ್ದವು. ಮೂಳೆ ಉಳಿಸಲೆಂದೇ ದೀರ್ಘಕಾಲ ಈ ಜೋಡಿಯನ್ನು ಕೊಡುವ ರೂಢಿ ಅದರೊಂದಿಗೆ ಬಹುಮಟ್ಟಿಗೆ ಕೊನೆಗೊಂಡಿತು.

ಫ್ಲೋರೈಡ್‌ನ ಪ್ರಸಂಗ ಕನ್ನಡನಾಡಿನ ಓದುಗರಿಗೆ ಹತ್ತಿರದ್ದು. ಫ್ಲೋರೈಡ್ ಮೂಳೆಯನ್ನು ದಟ್ಟವಾಗಿಸುತ್ತದೆ ಎಂಬುದು ಗೊತ್ತಿದ್ದ ಸಂಗತಿ. ಹಾಗಾದರೆ ಟೊಳ್ಳು ಮೂಳೆಗೆ ಅದನ್ನೇ ಮದ್ದಾಗಿ ಕೊಡಬಾರದೇಕೆ ಎಂದು ಹಲವು ದೇಶಗಳ ವೈದ್ಯರು ಕೊಟ್ಟರು. ಮೇಯೊ ಕ್ಲಿನಿಕ್‌ನ ಲಾರೆನ್ಸ್ ರಿಗ್ಸ್ 202 ಮಹಿಳೆಯರ ಮೇಲೆ ನಾಲ್ಕು ವರ್ಷ ನಡೆಸಿದ ಪ್ರಯೋಗದ ಫಲ 1990ರಲ್ಲಿ ಪ್ರಕಟವಾಯಿತು. ಸೊಂಟದ ಭಾಗದ ಬೆನ್ನೆಲುಬಿನ ಖನಿಜ ಸಾಂದ್ರತೆ 35 ಶೇಕಡಾ ಏರಿತ್ತು, ಆದರೆ ಬೆನ್ನೆಲುಬಿನ ಮುರಿತಗಳು ಗಮನಾರ್ಹವಾಗಿ ಇಳಿದಿರಲಿಲ್ಲ. ಕೈಕಾಲು ಮುಂತಾದ ಬೇರೆ ಮೂಳೆಗಳ ಮುರಿತಗಳು ಹುಸಿಮಾತ್ರೆ ನುಂಗಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆನ್ನು ಸೆಟೆದು ಮೊಣಕಾಲು ಬಾಗಿದವರನ್ನು ಕಂಡವರಿಗೆ ಈ ಫಲಿತಾಂಶ ಅಚ್ಚರಿ ತರಲಾರದು. ಅವರ ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಆದರೆ ಅದು ಆರೋಗ್ಯದ ಮೂಳೆಯಲ್ಲ. ಸಾಂದ್ರತೆ ಏರಿದ್ದನ್ನೇ ಗೆಲುವೆಂದುಕೊಳ್ಳದೆ ಮುರಿತಗಳನ್ನೇ ಎಣಿಸಬೇಕೆಂಬ ಕಟ್ಟಳೆಗೆ ಈ ಪ್ರಯೋಗ ಬಲ ಕೊಟ್ಟಿತು.

ಆ ಕಟ್ಟಳೆಯಲ್ಲಿ ಗೆದ್ದು ಬಂದವು ಬಿಸ್‌ಫಾಸ್ಫೊನೇಟ್‌ಗಳು. ಪೈಪು ಮತ್ತು ಬಾಯ್ಲರುಗಳಲ್ಲಿ ಸುಣ್ಣ ಕಟ್ಟದಂತೆ ಬಳಸುತ್ತಿದ್ದ ರಾಸಾಯನಿಕಗಳ ಜಾತಿ ಇದು. ಇವು ಮೂಳೆಯ ಖನಿಜಕ್ಕೆ ಅಂಟಿಕೊಂಡು ಅದು ಕರಗುವುದನ್ನು ತಡೆಯುತ್ತವೆಂದು ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್, ಗ್ರಹಾಂ ರಸಲ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. 1996ರಲ್ಲಿ, ಬೆನ್ನೆಲುಬು ಮೊದಲೇ ಕುಸಿದಿದ್ದ 2,027 ಮಹಿಳೆಯರ ಪ್ರಯೋಗದಲ್ಲಿ ಈ ಜಾತಿಯ ಅಲೆಂಡ್ರೊನೇಟ್ ಮಾತ್ರೆಯು ಬೆನ್ನೆಲುಬಿನ ಹೊಸ ಮುರಿತಗಳನ್ನೂ ಸೊಂಟದ ಮುರಿತಗಳನ್ನೂ ಸುಮಾರು ಅರ್ಧಕ್ಕೆ ಇಳಿಸಿತು. 2007ರಲ್ಲಿ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೋಲೆಡ್ರಾನಿಕ್ ಆಮ್ಲವು ಬೆನ್ನೆಲುಬಿನ ಮುರಿತವನ್ನು 70 ಶೇಕಡಾ ತಗ್ಗಿಸಿತು. ದವಡೆ ಮೂಳೆ ಕೊಳೆಯುವುದು, ತೊಡೆಮೂಳೆ ವಿಚಿತ್ರವಾಗಿ ಮುರಿಯುವುದು ಎಂಬ ವಿರಳ ಅಪಾಯಗಳು ಮದ್ದು ಬಳಕೆಗೆ ಬಂದ ಹಲವು ವರ್ಷಗಳ ನಂತರ ಬೆಳಕಿಗೆ ಬಂದವು.

ಎರಡು ದಾರಿ ಕೂಡಿದಾಗ

ಸ್ಟೆರಾಯ್ಡ್ ನುಂಗುವವರ ಮೂಳೆ ಯಾವಾಗ ಮುರಿಯುತ್ತದೆ? ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ 2,44,235 ಮಂದಿಯ ವಿವರ ತೆಗೆದು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಪಾಯವು ಮೊದಲ ಮೂರು ತಿಂಗಳಲ್ಲೇ ಏರುತ್ತದೆ, ಮದ್ದು ನಿಲ್ಲಿಸಿದರೆ ಬೇಗ ಇಳಿಯುತ್ತದೆ ಎಂದು ತೋರಿಸಿತು. ಬಹುಕಾಲ ತೆಗೆದುಕೊಂಡವರಿಗಷ್ಟೇ ಚಿಂತೆ ಎಂಬ ನಂಬಿಕೆ ಬಿದ್ದುಹೋಯಿತು. ಸ್ಟೆರಾಯ್ಡ್ ನುಂಗುವವರಿಗೆ ಅಲೆಂಡ್ರೊನೇಟ್ ನೆರವಾಗುತ್ತದೆಂದು ಕೆನೆತ್ ಸಾಗ್ ಮತ್ತು ಸಂಗಡಿಗರು 1998ರಲ್ಲಿ 477 ರೋಗಿಗಳಲ್ಲಿ ತೋರಿಸಿದ್ದರು. 2007ರಲ್ಲಿ ಅವರೇ, ಹೊಸ ಮೂಳೆ ಕಟ್ಟಿಸುವ ಟೆರಿಪ್ಯಾರಟೈಡ್ ಚುಚ್ಚುಮದ್ದು ಅಲೆಂಡ್ರೊನೇಟಿಗಿಂತ ಮೇಲು ಎಂದರು: ಬೆನ್ನೆಲುಬಿನ ಹೊಸ ಮುರಿತ ಅಲೆಂಡ್ರೊನೇಟ್ ಪಡೆದವರಲ್ಲಿ 6.1 ಶೇಕಡಾ, ಟೆರಿಪ್ಯಾರಟೈಡ್ ಪಡೆದವರಲ್ಲಿ 0.6 ಶೇಕಡಾ. 2008ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫ್ರ್ಯಾಕ್ಸ್ ಎಂಬ ಮುರಿತ-ಅಂದಾಜಿನ ಲೆಕ್ಕಾಚಾರದಲ್ಲಿ ಸ್ಟೆರಾಯ್ಡ್ ಸೇವನೆಗೂ ಸಂಧಿವಾತಕ್ಕೂ ಪ್ರತ್ಯೇಕ ಸ್ಥಾನವಿದೆ, ಏಕೆಂದರೆ ಉರಿಯೂತವೇ ಮೂಳೆಯನ್ನು ತಿನ್ನುತ್ತದೆ.

ಹಾಗಾಗಿ ಮೂಳೆ ಉಳಿಸಲು ಇನ್ನೊಂದು ದಾರಿ ಸ್ಟೆರಾಯ್ಡ್ ಬೇಕಾಗದಷ್ಟು ಚೆನ್ನಾಗಿ ರೋಗವನ್ನು ಹಿಡಿತಕ್ಕೆ ತರುವುದು. ಇಲ್ಲಿ ಮೆಥೊಟ್ರೆಕ್ಸೇಟ್ ಪ್ರಧಾನ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡವು 1940ರ ದಶಕದಲ್ಲಿ ರಕ್ತಕ್ಯಾನ್ಸರಿಗೆಂದು ಫೋಲಿಕ್ ಆಮ್ಲದ ವಿರೋಧಿಗಳನ್ನು ರೂಪಿಸಿತು. ಅವುಗಳಲ್ಲೊಂದಾದ ಅಮಿನೊಪ್ಟೆರಿನ್ನನ್ನು 1951ರಲ್ಲೇ ಸಂಧಿವಾತಕ್ಕೆ ಕೊಟ್ಟು ನೋಡಿದ್ದರು, ಆದರೆ ಎಲ್ಲರ ಗಮನ ಕಾರ್ಟಿಸೋನ್ ಮೇಲಿತ್ತು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಫಲಿಸುತ್ತದೆಂದು ಬಾಸ್ಟನ್ನಿನ ಮೈಕೆಲ್ ವೈನ್‌ಬ್ಲಾಟ್ 35 ರೋಗಿಗಳ ಪ್ರಯೋಗದಿಂದ ತೋರಿಸಿದ್ದು 1985ರಲ್ಲಿ. ಮೂವತ್ತನಾಲ್ಕು ವರ್ಷಗಳ ಈ ಅಂತರ ಈ ಚರಿತ್ರೆಯ ದೊಡ್ಡ ನಷ್ಟ. ಆ ಅವಧಿಯಲ್ಲಿ ಎಷ್ಟೋ ಕೈಗಳು ಸೊಟ್ಟಗಾದವು. ಸುಬ್ಬರಾವ್ 1948ರಲ್ಲೇ ತೀರಿಕೊಂಡಿದ್ದರು.

ಮುಂದಿನ ಹೆಜ್ಜೆ ಲಂಡನ್ನಿನದು. ಕೀಲಿನ ಉರಿಯೂತಕ್ಕೆ ಟಿಎನ್‌ಎಫ್ ಎಂಬ ಪ್ರೋಟೀನ್ ಮುಖ್ಯ ಪ್ರೇರಕವೆಂದು ಕೆನಡಿ ಸಂಸ್ಥೆಯ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಕಂಡುಕೊಂಡರು. 1992ರಲ್ಲಿ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 20 ರೋಗಿಗಳಿಗೆ ಅದನ್ನು ತಡೆಯುವ ಪ್ರತಿಕಾಯ ಕೊಟ್ಟರು. 1994ರ 73 ರೋಗಿಗಳ ಪ್ರಯೋಗದಲ್ಲಿ, ಹೆಚ್ಚಿನ ಪ್ರಮಾಣ ಪಡೆದ 24 ಮಂದಿಯಲ್ಲಿ 19 ಮಂದಿಗೆ ನಾಲ್ಕು ವಾರದಲ್ಲಿ ಗುಣ ಕಂಡಿತು. ಹುಸಿಮದ್ದು ಪಡೆದ 24 ಮಂದಿಯಲ್ಲಿ ಇಬ್ಬರಿಗೆ. ಈ ಮದ್ದುಗಳು ಸುಪ್ತ ಕ್ಷಯವನ್ನು ಎಬ್ಬಿಸುತ್ತವೆಂಬ ವರದಿ 2001ರಲ್ಲಿ ಬಂತು, ಭಾರತದಂಥ ದೇಶಕ್ಕೆ ಅದು ಕಡೆಗಣಿಸಲಾಗದ ಎಚ್ಚರಿಕೆ. ಗ್ಲಾಸ್ಗೊದ ಟಿಕೋರಾ ಪ್ರಯೋಗ 2004ರಲ್ಲಿ ಇನ್ನೊಂದು ಸಂಗತಿ ಹೇಳಿತು: ದುಬಾರಿ ಮದ್ದಿಲ್ಲದೆಯೂ, ತಿಂಗಳಿಗೊಮ್ಮೆ ರೋಗಿಯನ್ನು ನೋಡಿ, ಊದಿದ ಕೀಲುಗಳನ್ನು ಎಣಿಸಿ ಚಿಕಿತ್ಸೆ ಬದಲಿಸುತ್ತ ಹೋದರೆ ರೋಗ ಬಹುಪಾಲು ಜನರಲ್ಲಿ ಹತೋಟಿಗೆ ಬರುತ್ತದೆ. ಬಡವರ ಆಸ್ಪತ್ರೆಗೂ ಸಲ್ಲುವ ಇಂಥ ಫಲಿತಾಂಶಕ್ಕೆ ತಕ್ಕ ಪ್ರಚಾರ ಸಿಗಲಿಲ್ಲ.

1990ರ ದಶಕದ ಕೊನೆಗೆ ರ‍್ಯಾಂಕ್‌ಎಲ್ ಎಂಬ ಪ್ರೋಟೀನ್ ಪತ್ತೆಯಾದಾಗ ಎರಡು ರೋಗಗಳ ನಂಟು ಕೋಶಗಳ ಮಟ್ಟದಲ್ಲೇ ಕಂಡಿತು. ಮೂಳೆ ಕರಗಿಸುವ ಕೋಶಗಳನ್ನು ಹುಟ್ಟಿಸುವ ಅದು ಮುಟ್ಟು ನಿಂತವರ ಬೆನ್ನೆಲುಬಿನಲ್ಲೂ ಸಂಧಿವಾತದ ಬೆರಳಿನಲ್ಲೂ ಕೆಲಸ ಮಾಡುತ್ತದೆ. ಅದನ್ನು ತಡೆಯುವ ಡೆನೊಸುಮಾಬ್ 2009ರಲ್ಲಿ 7,868 ಮಹಿಳೆಯರ ಪ್ರಯೋಗದಲ್ಲಿ ಬೆನ್ನೆಲುಬಿನ ಮುರಿತವನ್ನು 68 ಶೇಕಡಾ ತಗ್ಗಿಸಿತು. ಸಂಧಿವಾತದಲ್ಲಿ ಅದು ಮೂಳೆಯ ಕೊರೆತವನ್ನು ನಿಧಾನಿಸುತ್ತದೆ, ನೋವು ಮತ್ತು ಊತವನ್ನು ಇಳಿಸುವುದಿಲ್ಲ. ನಿಲ್ಲಿಸಿದರೆ ಮೂಳೆ ರಭಸದಿಂದ ಕರಗಿ ಹಲವು ಕಶೇರುಗಳು ಒಟ್ಟಿಗೆ ಕುಸಿಯಬಹುದೆಂಬುದು ನಂತರ ತಿಳಿಯಿತು.

ಭಾರತದಲ್ಲಿ

ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ 1996ರಲ್ಲಿ ಅರವಿಂದ ಚೋಪ್ರಾ ಅವರ ತಂಡ ಆರಂಭಿಸಿದ ಮನೆಮನೆ ಸಮೀಕ್ಷೆಯು ಹಳ್ಳಿಗರಲ್ಲಿ ಸಂಧಿವಾತದ ಪ್ರಮಾಣ ಸುಮಾರು ಅರ್ಧ ಶೇಕಡಾ ಎಂದು ತೋರಿಸಿತು. 2011ರಲ್ಲಿ ಪ್ರಕಟವಾದ ಕೊಯಮತ್ತೂರಿನ ಪ್ರಯೋಗವೊಂದು 43 ರೋಗಿಗಳಲ್ಲಿ ಶಾಸ್ತ್ರೀಯ ಆಯುರ್ವೇದ, ಮೆಥೊಟ್ರೆಕ್ಸೇಟ್ ಮತ್ತು ಎರಡರ ಜೋಡಿಯನ್ನು ಹೋಲಿಸಿತು. ಮೂರರ ಫಲ ಹೆಚ್ಚುಕಡಿಮೆ ಸಮ ಕಂಡಿತು. ತೀರ್ಮಾನಕ್ಕೆ ಅದು ಬಹಳ ಚಿಕ್ಕದು, ಆದರೆ ಎರಡು ಪದ್ಧತಿಗಳನ್ನು ಒಂದೇ ಅಳತೆಗೋಲಿಗೆ ಒಡ್ಡಿದ ಪ್ರಾಮಾಣಿಕ ಯತ್ನ. 2014ರ ಕೊನೆಯಲ್ಲಿ ಅಹಮದಾಬಾದಿನ ಜೈಡಸ್ ಕಂಪನಿ ಟಿಎನ್‌ಎಫ್ ತಡೆಯುವ ಅಡಾಲಿಮುಮಾಬ್‌ನ ತದ್ರೂಪವನ್ನು ಮೂಲ ಮದ್ದಿಗಿಂತ ಬಹಳ ಕಡಿಮೆ ಬೆಲೆಗೆ ತಂದಿತು. ಅತ್ತ ಚೀಟಿಯಿಲ್ಲದೆ ಕೊಳ್ಳುವ ಮಾತ್ರೆಗಳ ಮೂಲಕ, ಹೆಸರಿಲ್ಲದ ‘ವಾತದ ಪುಡಿ’ಗಳಲ್ಲಿ ಬೆರೆತು, ಸ್ಟೆರಾಯ್ಡ್ ಜನರ ಹೊಟ್ಟೆ ಸೇರುವುದು ಇಂದಿಗೂ ನಿಂತಿಲ್ಲ. ಅಂಥವರ ಮೂಳೆಮುರಿತ ಯಾವ ಪ್ರಯೋಗದ ಲೆಕ್ಕಕ್ಕೂ ಸಿಗುವುದಿಲ್ಲ.

ಇತ್ತೀಚಿನ ಪ್ರಯೋಗಗಳು

ಸ್ಟೆರಾಯ್ಡಿನ ಲಾಭ ಮಿಗಿಲೋ ಹಾನಿ ಮಿಗಿಲೋ ಎಂಬ ಹೆಂಚ್ ಕಾಲದ ಪ್ರಶ್ನೆ ಇನ್ನೂ ಜೀವಂತವಾಗಿದೆ. 2020ರ ಸೆಮಿರಾ ಪ್ರಯೋಗದಲ್ಲಿ, ಟೊಸಿಲಿಜುಮಾಬ್ ಎಂಬ ಮದ್ದಿನಿಂದ ರೋಗ ಹತೋಟಿಯಲ್ಲಿದ್ದ 259 ಮಂದಿಯನ್ನು ಎರಡು ಗುಂಪು ಮಾಡಿದರು. 5 ಮಿಲಿಗ್ರಾಂ ಪ್ರೆಡ್ನಿಸೋನ್ ಮುಂದುವರಿಸಿದವರಲ್ಲಿ 77 ಶೇಕಡಾ, ನಿಧಾನವಾಗಿ ಬಿಟ್ಟವರಲ್ಲಿ 65 ಶೇಕಡಾ ಜನರ ರೋಗ ಕೆರಳದೆ ಉಳಿಯಿತು. 2022ರಲ್ಲಿ ನೆದರ್ಲೆಂಡ್ಸ್‌ನ ಮಾರ್ಟೆನ್ ಬೂರ್ಸ್ ನೇತೃತ್ವದ ಗ್ಲೋರಿಯಾ ಪ್ರಯೋಗವು 65 ದಾಟಿದ 451 ರೋಗಿಗಳಿಗೆ ಎರಡು ವರ್ಷ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅಥವಾ ಹುಸಿಮಾತ್ರೆ ಕೊಟ್ಟಿತು. ಪ್ರೆಡ್ನಿಸೊಲೋನ್ ಪಡೆದವರ ರೋಗ ತಗ್ಗಿತು, ಕೀಲಿನ ಹಾನಿ ಕಡಿಮೆಯಾಯಿತು. ಅಡ್ಡಪರಿಣಾಮದ ಅಪಾಯ 24 ಶೇಕಡಾ ಹೆಚ್ಚಿತು, ಅದರಲ್ಲಿ ಬಹುಪಾಲು ಸೋಂಕುಗಳು. ಲಾಭವೇ ಮಿಗಿಲೆಂದು ಪ್ರಯೋಗ ನಡೆಸಿದವರು ಬರೆದರು. ಆ ಹೊತ್ತಿಗೆ ಅಮೆರಿಕದ ಮತ್ತು ಯುರೋಪಿನ ತಜ್ಞ ಸಂಘಗಳ ಮಾರ್ಗಸೂಚಿಗಳು ಸ್ಟೆರಾಯ್ಡನ್ನು ಸಾಧ್ಯವಾದಷ್ಟು ಬೇಗ ಬಿಡಿಸಬೇಕೆಂದೇ ಹೇಳುತ್ತಿದ್ದವು.