ಅರ್ಕಾವತಿ ಬಡಾವಣೆ: ಆಕ್ಷೇಪಣೆ ಹೇಳುವವರು ಯಾರು?

ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರು, ರಾಚೇನಹಳ್ಳಿ, ಥಣಿಸಂದ್ರ, ಸಂಪಿಗೆಹಳ್ಳಿ, ಹೆಣ್ಣೂರು ಸೇರಿದಂತೆ 16 ಹಳ್ಳಿಗಳ 3,339 ಎಕರೆ 12 ಗುಂಟೆ ಜಮೀನಿನಲ್ಲಿ ಅರ್ಕಾವತಿ ಬಡಾವಣೆ ನಿರ್ಮಿಸುವುದಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು (ಬಿಡಿಎ) 2003ರ ಫೆಬ್ರುವರಿ 3ರಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. 2004ರ ಫೆಬ್ರುವರಿ 23ರ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು 2,750 ಎಕರೆ. ಒಂದೇ ವರ್ಷದಲ್ಲಿ 589 ಎಕರೆಗೂ ಹೆಚ್ಚು ಜಮೀನು ಯೋಜನೆಯಿಂದ ಹೊರಗೆ ಹೋಯಿತು. ಈ ಪ್ರಕರಣದ ಚರ್ಚೆ ಸಾಮಾನ್ಯವಾಗಿ ಡಿನೋಟಿಫಿಕೇಷನ್ (ಅಧಿಸೂಚಿತ ಜಮೀನನ್ನು ಕೈಬಿಡುವುದು) ಮತ್ತು ಭ್ರಷ್ಟಾಚಾರದ ಸುತ್ತಲೇ ನಡೆದಿದೆ. ಆದರೆ ಯೋಜನೆಯನ್ನು ಪರಿಶೀಲಿಸುವ ಕ್ರಮದಲ್ಲೇ ಅದು ಚೂರಾಗುವ ಬೀಜವಿತ್ತೆಂಬುದು ಈ ಲೇಖನದ ವಾದ.

1976ರ ಬಿಡಿಎ ಕಾಯ್ದೆಯ 17ನೇ ಕಲಮನ್ನು ನಿಧಾನವಾಗಿ ಓದಬೇಕು. ಕಂದಾಯ ಅಥವಾ ಆಸ್ತಿ ತೆರಿಗೆಯ ದಾಖಲೆಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ನೋಟಿಸ್ ಹೋಗಬೇಕು. ತಮ್ಮ ಜಮೀನನ್ನು ಏಕೆ ಸ್ವಾಧೀನಪಡಿಸಿಕೊಳ್ಳಬಾರದು ಎಂಬುದಕ್ಕೆ ಅವರು 30 ದಿನಗಳೊಳಗೆ ಕಾರಣ ಹೇಳಬಹುದು. ರೈತನ ಪಾಲಿಗೆ ಇದು ಅತ್ಯಗತ್ಯವಾದ ಹಕ್ಕು, ಅದನ್ನು ಕಡಿಮೆ ಮಾಡಬೇಕೆಂದು ಯಾರೂ ಹೇಳಲಾರರು. ನಗರದ ಪರವಾಗಿ ಮಾತಾಡಲು ಅದೇ ಕಲಮು ಕೊಟ್ಟಿರುವ ಅವಕಾಶ ಒಂದೇ: ಅಧಿಸೂಚನೆಯ ಪ್ರತಿ ಮಹಾನಗರ ಪಾಲಿಕೆಗೆ ಹೋಗುತ್ತದೆ, ಪಾಲಿಕೆಗೆ ಹೇಳುವುದೇನಾದರೂ ಇದ್ದರೆ 30 ದಿನಗಳೊಳಗೆ ತಿಳಿಸಬಹುದು. ಸುತ್ತಲಿನ ನಗರಸಭೆ, ಪುರಸಭೆ, ಹಳ್ಳಿಗಳು ಪಾಲಿಕೆಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದದ್ದು 2007ರಲ್ಲಿ. ಅಂದರೆ 2003ರಲ್ಲಿ ಈ ಹಳ್ಳಿಗಳಲ್ಲಿ ಹಲವು ಪಾಲಿಕೆಯ ಗಡಿಯ ಆಚೆಗಿದ್ದವು. ಅಲ್ಲಿನ ರಸ್ತೆ, ಚರಂಡಿಗಳ ಹೊಣೆ ಇಲ್ಲದ ಸಂಸ್ಥೆಗೇ ಅಭಿಪ್ರಾಯ ಹೇಳುವ ಅವಕಾಶವಿತ್ತು.

ಹೀಗಾಗಿ ಕಡತಕ್ಕೆ ಬರುವುದೆಲ್ಲ ಸರ್ವೆ ನಂಬರುಗಳ ಅಹವಾಲು. ಜಕ್ಕೂರು ಕೆರೆಯ ಕೋಡಿ ನೀರು ರಾಚೇನಹಳ್ಳಿ ಕೆರೆಗೆ ಇಳಿಯುತ್ತದೆ. ನಡುವಿನ ಕಾಲುವೆಗೆ ಪಹಣಿಯಲ್ಲಿ ಹೆಸರಿಲ್ಲ, ಆದ್ದರಿಂದ ಅದರ ಪರವಾಗಿ ಆಕ್ಷೇಪಣೆಯೂ ಇಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಮೇಲೆತ್ತಿ ತರುವ ಜಲಮಂಡಳಿಯ ಒಪ್ಪಿಗೆಯನ್ನೂ ಈ ಕಲಮು ಕೇಳುವುದಿಲ್ಲ. ನಿವೇಶನಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕುಟುಂಬಗಳಿಗೆ ಈ ಹಂತದಲ್ಲಿ ದನಿಯೇ ಇಲ್ಲ. ನನಗೆ ಅತ್ಯಂತ ನೋವಿನ ಸಂಗತಿ ಇದೇ.

ಉದ್ಯಾನ ಮತ್ತು ಆಟದ ಮೈದಾನಕ್ಕೆ ಶೇ 15, ನಾಗರಿಕ ಸೌಲಭ್ಯಗಳಿಗೆ ಇನ್ನೂ ಶೇ 10 ಜಾಗ ಬಿಡಬೇಕೆಂದು 16ನೇ ಕಲಮು ವಿಧಿಸುತ್ತದೆ. ಒಳ್ಳೆಯ ನಿಯಮ. ಆದರೆ ನಡುವಿನ ಜಮೀನುಗಳನ್ನು ಕೈಬಿಟ್ಟರೂ ಶೇಕಡಾವಾರು ಲೆಕ್ಕವನ್ನು ಹೊಂದಿಸಬಹುದು. ತುಂಡಾದ ರಸ್ತೆಯನ್ನೂ ಒಳಚರಂಡಿಯ ಇಳಿಜಾರನ್ನೂ ಹಾಗೆ ಹೊಂದಿಸಲಾಗದು.

ಹೈಕೋರ್ಟ್‌ನ ಏಕಸದಸ್ಯ ಪೀಠ 2005ರಲ್ಲಿ ಸ್ವಾಧೀನವನ್ನು ರದ್ದುಪಡಿಸಿತು, ವಿಭಾಗೀಯ ಪೀಠ ಅದೇ ವರ್ಷ ಸ್ವಾಧೀನವನ್ನು ಷರತ್ತುಗಳೊಂದಿಗೆ ಎತ್ತಿಹಿಡಿಯಿತು. ಬೊಂಡು ರಾಮಸ್ವಾಮಿ ಪ್ರಕರಣದ 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಯೋಜನೆಯನ್ನು ಉಳಿಸಿತು. ಹಸಿರು ವಲಯದಲ್ಲಿರುವ, ಪೂರ್ತಿ ಕಟ್ಟಡಗಳಿರುವ, ನರ್ಸರಿ, ಕಾರ್ಖಾನೆ, ಶಾಲೆ, ಧಾರ್ಮಿಕ ಕಟ್ಟಡಗಳಿರುವ ಜಮೀನುಗಳ ಹಾಗೂ ಕೈಬಿಟ್ಟ ಜಮೀನಿನಂತೆಯೇ ಇರುವ ಪಕ್ಕದ ಜಮೀನುಗಳ ಮಾಲೀಕರು ಮತ್ತೆ ಅರ್ಜಿ ಸಲ್ಲಿಸಬಹುದೆಂದಿತು. ಪಕ್ಕದವನಿಗೆ ಬಿಟ್ಟದ್ದನ್ನು ತನಗೂ ಬಿಡಬೇಕೆಂದು ರೈತ ಕೇಳಿದರೆ ಅದು ಸಮಾನತೆಯ ಪ್ರಶ್ನೆ, ನ್ಯಾಯಾಲಯ ಅದನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಮೊದಲ ಬಾರಿ ವಿವೇಚನೆಯಿಲ್ಲದೆ ಬಿಟ್ಟ ಪ್ರತಿ ಎಕರೆಯೂ ಮುಂದಿನ ಅರ್ಜಿಗೆ ಆಧಾರವಾಗುತ್ತದೆ. ಮರುಪರಿಶೀಲನೆಯ ನಂತರ ಜಮೀನು ಕೈಬಿಟ್ಟ ಕ್ರಮವೇ ವಿವಾದವಾಗಿ, 2014ರಲ್ಲಿ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಆಯೋಗ ನೇಮಕವಾಯಿತು; 2017ರಲ್ಲಿ ವರದಿ ಸಲ್ಲಿಕೆಯಾಯಿತು.

18ನೇ ಕಲಮಿನಲ್ಲಿ ಒಂದು ಬಾಗಿಲಿದೆ. ಆಕ್ಷೇಪಣೆಗಳ ನಂತರ ಯೋಜನೆಗೆ ಮಾಡಿದ ಬದಲಾವಣೆಗಳಿಗೆ ಕಾರಣ ಕೊಟ್ಟು ಪ್ರಾಧಿಕಾರ ಅದನ್ನು ಸರ್ಕಾರದ ಮಂಜೂರಾತಿಗೆ ಕಳಿಸಬೇಕು. ಜಮೀನು ಕೈಬಿಟ್ಟಾಗ ರಸ್ತೆ, ನೀರು, ಕಾಲುವೆಗಳಿಗೆ ಆಗುವ ಪರಿಣಾಮವನ್ನೂ ಕಾರಣಗಳ ಆ ವಿವರಣೆಯಲ್ಲಿ ನಕ್ಷೆಸಮೇತ ದಾಖಲಿಸಿ, ಮಂಜೂರಾತಿಗೆ ಮೊದಲೇ ಸಾರ್ವಜನಿಕರ ಮುಂದಿಡಬೇಕು. ಸಂವಿಧಾನದ 243ಝಡ್‌ಇ ವಿಧಿಯಂತೆ ರಚನೆಯಾಗಬೇಕಾದ, ಮೂರನೇ ಎರಡರಷ್ಟು ಚುನಾಯಿತ ಸದಸ್ಯರಿರುವ ಮಹಾನಗರ ಯೋಜನಾ ಸಮಿತಿಯೇ ಅದನ್ನು ಚರ್ಚಿಸಲು ಸರಿಯಾದ ಜಾಗ.

17 ಹಳ್ಳಿಗಳಲ್ಲಿ ಡಾ. ಶಿವರಾಮ ಕಾರಂತ ಬಡಾವಣೆಗೆ 2008ರ ಡಿಸೆಂಬರಿನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಾಗಲೂ ಪರಿಶೀಲನೆ ಇದೇ ಕಲಮುಗಳಂತೆ ನಡೆಯಬೇಕಿತ್ತು. ಆ ಬಡಾವಣೆ ಸುಪ್ರೀಂ ಕೋರ್ಟಿನಲ್ಲಿ ಉಳಿದದ್ದು 2018ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಅಲ್ಲಿ ಮನೆಗಳು ಎದ್ದಿದ್ದವು, ಅವುಗಳ ದಾಖಲೆ ಪರಿಶೀಲಿಸಲು ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯನ್ನು ನೇಮಿಸಬೇಕಾಯಿತು.